ಏಳು ಜೇಬಿನ ಫ್ರಾಕು

ಹಿಲ್ಮಾ ಟೋಲೆಫ್ಸನ್ ಸತ್ತ ಮೇಲೆ ಸ್ವರ್ಗಕ್ಕೇ ಹೋಗುತ್ತಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ನನ್ನ ಚಿಂತೆಯೆಲ್ಲ ಅಲ್ಲಿರುವ ದೇವದೂತರದು. ಹೋದ ಮೊದಲ ವಾರವೇ ಅವಳು ಅವರ ನಿಲುವಂಗಿಯ ಅಂಚನ್ನು ತಿರುಗಿಸಿ ನೋಡಿ, "ಇದನ್ನ ಯಾರಪ್ಪಾ ಹೊಲಿದಿದ್ದು?" ಎಂದು ಕೇಳುತ್ತಾಳೆ. ಎರಡನೆಯ ವಾರದ ಹೊತ್ತಿಗೆ ಸ್ವರ್ಗದಲ್ಲಿ ಅರ್ಧ ಜನ ಬರಿಮೈಯಲ್ಲಿರುತ್ತಾರೆ.

ಇದು ಹೊಟ್ಟೆಕಿಚ್ಚಿನ ಮಾತಲ್ಲ, ಇಪ್ಪತ್ತಾರು ವರ್ಷದ ಅನುಭವ. ನಮ್ಮ ಪುಟ್ಟ ಊರು ನಾರ್ಬಿಯಲ್ಲಿ ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಏಳೆಂಟು ಹೆಂಗಸರು ಕೌದಿ ಹೊಲಿಯಲು ಸೇರುತ್ತೇವೆ. ಕೌದಿಗಳು ಹಡಗು ಹತ್ತಿ ಎಲ್ಲೆಲ್ಲಿಯೋ ಕಷ್ಟದಲ್ಲಿರುವವರಿಗೆ ಹೋಗುತ್ತವೆ. ನಾನು ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಹಿಮದ ರಸ್ತೆಯಲ್ಲಿ ಬಸ್ಸನ್ನು ನೇರ ನಡೆಸಿದ್ದೇನೆ. ಹೊಲಿಗೆ ಮಾತ್ರ ಒಂದು ಗೇಣೂ ನೇರ ಹೋಗಿಲ್ಲ. ನಾನು ಕಾಫಿ ಬಗ್ಗಿಸಲು ಎದ್ದು ಹೋದರೆ ಸಾಕು, ಹಿಲ್ಮಾ ಹೊಲಿಗೆ ಬಿಚ್ಚುವ ಆ ಚಿಕ್ಕ ಕೊಕ್ಕೆಯನ್ನು ತೆಗೆದು, ನನ್ನ ಅರ್ಧ ಗಂಟೆಯ ಕೆಲಸವನ್ನು ಎರಡು ನಿಮಿಷದಲ್ಲಿ ದಾರವಾಗಿಸಿ ಇಟ್ಟಿರುತ್ತಿದ್ದಳು.

"ಹಿಲ್ಮಾ, ಭೂಕಂಪದಲ್ಲಿ ಮನೆ ಕಳ್ಕೊಂಡೋನು ಹೊಲಿಗೆ ಡೊಂಕು ಅಂತ ಕೌದಿ ವಾಪಸ್ ಕಳಿಸ್ತಾನೇನೇ?" ಎಂದು ನಾನೊಮ್ಮೆ ರೇಗಿದ್ದೆ.

"ಪಾಪ, ಮನೆ ಹೋಗಿದೆ. ಇನ್ನು ಕೌದೀನೂ ಬಿಚ್ಕೊಂಡು ಹೋಗ್ಲಾ?" ಎಂದಳು, ತಲೆ ಎತ್ತದೆ.

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಹಿಲ್ಮಾ ಹುಡುಕಿ ತೆಗೆದು, ತೊಳೆದು, ನಿಮ್ಮ ತಟ್ಟೆಯ ಪಕ್ಕದಲ್ಲಿ ಇಟ್ಟು ಹೋಗುವವಳು. ಗಂಡ ಓಲಾಫ್ ಇದ್ದಷ್ಟು ದಿನ ಅವನ ಅಂಗಿಯ ಗುಂಡಿ ಒಂದೂ ಉದುರಲಿಲ್ಲ. ಸತ್ತು ಶವಪೆಟ್ಟಿಗೆಯೊಳಗೆ ಮಲಗಿಸಿದಾಗಲೂ ಕೋಟಿನ ತೋಳು ಅರ್ಧ ಅಂಗುಲ ಉದ್ದವಾಯಿತೆಂದು ಅವಳು ಅಲ್ಲೇ ಮಡಿಚಿ ಹೊಲಿದಳು. ಪಾಸ್ಟರ್ ಎಲ್ಡನ್ ಬೈಬಲ್ ಹಿಡಿದು ಹತ್ತು ನಿಮಿಷ ಕಾದರು.

ಇಂಥವಳಿಗೆ ದೇವರು ಕೊಟ್ಟ ಸೊಸೆ ಮಾರಿಸಾ. ನ್ಯೂಜೆರ್ಸಿಯ ಇಟಾಲಿಯನ್ ಮನೆತನದವಳು. ನಮ್ಮಲ್ಲಿ ಹಲ್ಲಿನ ಡಾಕ್ಟರ ಬಳಿ ಹಲ್ಲು ಸ್ವಚ್ಛ ಮಾಡುವ ಕೆಲಸ. ಬಾಯಿ ತೆರೆಸಿ ನೋಡಿ, "ನೀವು ಹಲ್ಲಿನ ಸಂದಿಗೆ ದಾರ ಹಾಕ್ತೀನಿ ಅಂತ ಸುಳ್ಳು ಹೇಳ್ತಿದೀರಿ," ಎಂದು ಮುಖಕ್ಕೆ ಹೇಳಿಬಿಡುವವಳು. ನಾರ್ಬಿಯಲ್ಲಿ ಸುಳ್ಳನ್ನು ಸುಳ್ಳು ಎಂದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಊರಿನವರು ಬೆಚ್ಚಿಬಿದ್ದರು, ಹಲ್ಲು ಮಾತ್ರ ಸುಧಾರಿಸಿದವು.

ಹಿಲ್ಮಾಳ ಒಬ್ಬನೇ ಮಗ ಆರ್ನೆ ಅವಳನ್ನು ಶಿಕಾಗೋದಲ್ಲಿ ಮದುವೆಯಾದ, ಅಲ್ಲೇ ಪಿಯಾ ಹುಟ್ಟಿದಳು. ಮಗುವಿಗೆ ಒಂದೂವರೆ ವರ್ಷವಾದಾಗ ಮೂವರೂ ನಾರ್ಬಿಗೆ ಬಂದು, ಹಿಲ್ಮಾಳ ಮನೆಯಿಂದ ನಾಲ್ಕು ಬೀದಿ ಆಚೆ ಮನೆ ಮಾಡಿದರು. ನಾಲ್ಕು ಬೀದಿ ಎಂದರೆ ಜೋರಾಗಿ ಸೀನಿದರೆ ಕೇಳಿಸುವ ದೂರ. ಆದರೂ ಹಿಲ್ಮಾ ಮೊಮ್ಮಗಳನ್ನು ಕಾಣುತ್ತಿದ್ದದ್ದು ಚರ್ಚಿನಲ್ಲಿ ಹಿಂದಿನ ಬೆಂಚಿನಿಂದ, ಬಿಟ್ಟರೆ ಕ್ರಿಸ್‌ಮಸ್ಸಿಗೆ, ಈಸ್ಟರ್‌ಗೆ. ಸೊಸೆ ಎದುರಾದಾಗ ನಗುತ್ತಿದ್ದಳು, ಕುಶಲ ಕೇಳುತ್ತಿದ್ದಳು, ಮುಂದೆ ನಡೆಯುತ್ತಿದ್ದಳು. "ಬನ್ನಿ" ಎನ್ನುತ್ತಿರಲಿಲ್ಲ.

ನೆಲಮಾಳಿಗೆಯ ನಮಗೆಲ್ಲ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆವು. ಅವರು ಬಂದ ಹೊಸತರಲ್ಲಿ ಮಾರಿಸಾ ಕಷ್ಟಪಟ್ಟು ತಾನೇ ಅಡುಗೆಮನೆಗೆ ಪರದೆ ಹೊಲಿದಿದ್ದಳು. ಅವಳು ಕೆಲಸಕ್ಕೆ ಹೋದಾಗ ಹಿಲ್ಮಾ ಆ ಪರದೆ ಬಿಚ್ಚಿ, ಮತ್ತೆ ಹೊಲಿದು, ಇಸ್ತ್ರಿ ಮಾಡಿ ತೂಗುಹಾಕಿ ಬಂದಳು. ಉಪಕಾರ ಮಾಡಿದೆ ಎಂದೇ ಅವಳು ತಿಳಿದಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾವು ನಾಲ್ಕು ಮಂಗಳವಾರ ಆ ಪರದೆಯನ್ನೇ ಹರಿದು ತಿಂದೆವು.

ಹೋದ ಅಕ್ಟೋಬರಿನಲ್ಲಿ ಊರಿನ ಲೈಬ್ರರಿಯವರು ಒಂದು ಕಾರ್ಯಕ್ರಮ ಇಟ್ಟುಕೊಂಡರು: ಚಿಕ್ಕ ಮಕ್ಕಳು ತಮಗೆ ಇಷ್ಟದ ಕಥೆಪುಸ್ತಕದ ವೇಷ ಹಾಕಿಕೊಂಡು ಶನಿವಾರ ಮೆರವಣಿಗೆ ಬರಬೇಕು. ಬೇರೆಯವರ ಮಕ್ಕಳು ರಾಜಕುಮಾರಿ, ಕರಡಿ, ಚಿಟ್ಟೆ ಎಂದರು. ಎರಡೂವರೆ ವರ್ಷದ ಪಿಯಾ ಆರಿಸಿದ್ದು ಒಂದು ಕಳ್ಳ ಮೇಕೆಯನ್ನು. ಆ ಪುಸ್ತಕದಲ್ಲಿ ಮೇಕಮ್ಮ ಎಂಬವಳು ಏಳು ಜೇಬಿನ ಹಳದಿ ಫ್ರಾಕು ತೊಟ್ಟು, ವಾರದ ಏಳು ದಿನ ಏಳು ಮನೆಗೆ ಹೋಗಿ, ಒಂದೊಂದು ಮನೆಯಿಂದ ಒಂದೊಂದು ವಸ್ತು ಕದ್ದು ಜೇಬಿಗಿಳಿಸುತ್ತಾಳೆ. ಕೊನೆಯಲ್ಲಿ ಸಿಕ್ಕಿಬೀಳುತ್ತಾಳೆ, ಬುದ್ಧಿ ಮಾತ್ರ ಕಲಿಯುವುದಿಲ್ಲ. ನನಗೆ ಬಹಳ ಹಿಡಿಸಿದ ಪುಸ್ತಕ.

ಭಾನುವಾರ ಪ್ರಾರ್ಥನೆಗೆ ಮುಂಚೆ ಚರ್ಚಿನ ಮೆಟ್ಟಿಲ ಮೇಲೆ ಆರ್ನೆ ತಾಯಿಗೆ ಇದನ್ನು ಹೇಳಿದ. ಆರ್ನೆ ವರ್ಷಕ್ಕೆ ಆಡುವ ಮಾತುಗಳಲ್ಲಿ ಅದೇ ದೊಡ್ಡದು. "ಮಾರಿಸಾ ನಿಂಗೆ ಫೋನ್ ಮಾಡ್ಬಹುದು," ಎಂದ. ಇಷ್ಟು ಸಾಕಾಯಿತು. ಹಿಲ್ಮಾ ಸೋಮವಾರ ಬೆಳಿಗ್ಗೆ ಹದಿನೆಂಟು ಮೈಲಿ ಕಾರು ಓಡಿಸಿ ಗೆರೆಗೆರೆಯ ದಪ್ಪ ಹಳದಿ ಕಾರ್ಡುರಾಯ್ ಬಟ್ಟೆ ತಂದಳು. ಅಳತೆಯಂತೂ ಭಾನುವಾರವೇ ಆಗಿತ್ತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದ್ದಾಗ ಅವಳು ಹಿಂದಿನ ಬೆಂಚಿನಿಂದ ಬಾಗಿ, ಮೊಮ್ಮಗಳ ಬೆನ್ನಿಗೆ ಗೇಣು ಹಾಕುತ್ತಿದ್ದಳು. ನಾನು ಕಣ್ಣು ಮುಚ್ಚುವವಳಲ್ಲ, ಆದ್ದರಿಂದ ನೋಡಿದೆ.

ಸೋಮವಾರ ಸಂಜೆ ಮಾರಿಸಾ ನಿಜಕ್ಕೂ ಫೋನ್ ಮಾಡಿದಳು. ಆಗ ನಡೆದದ್ದನ್ನು ಮರುದಿನ ನೆಲಮಾಳಿಗೆಯಲ್ಲಿ ಹಿಲ್ಮಾ ನಮಗೆ ಹೇಳಿದಳು.

"ಹಿಲ್ಮಾ, ಪಿಯಾಗೆ ಮೇಕೆ ಫ್ರಾಕ್ ನೀವು ಹೊಲ್ಕೊಡ್ತೀರಾ?" ಎಂದು ಕೇಳಿದಳಂತೆ.

"ನೀನೇನಂದೆ?" ಎಂದಳು ಮಿರ್ನಾ, ಸೂಜಿ ಹಿಡಿದ ಕೈಯನ್ನು ಅರ್ಧದಲ್ಲಿ ನಿಲ್ಲಿಸಿ.

"ಅಯ್ಯೋ, ನನ್ನಿಂದೇನಾಗುತ್ತೆ, ನನ್ ಹೊಲಿಗೆ ಎಲ್ಲ ಹಳೇ ಕಾಲದ್ದು, ಅಂಗಡೀಲೇ ಚೆನ್ನಾಗಿರೋದು ಸಿಗುತ್ತೆ, ನಿಂಗ್ಯಾಕೆ ತೊಂದ್ರೆ ಅಂದೆ."

ನಾವೆಲ್ಲ ಮೆಚ್ಚಿ ತಲೆದೂಗಿದೆವು. ಅದೇ ಸರಿಯಾದ ಉತ್ತರ. ನಾರ್ಬಿಯಲ್ಲಿ ಮೊದಲ ಸಲ ಕೇಳಿದಾಗಲೇ ಹೂಂ ಎನ್ನುವವರು ಹಸಿದ ನಾಯಿಗಳು ಮಾತ್ರ. ಕಾಫಿ ಬೇಕಾ ಎಂದರೆ ಬೇಡ ಎನ್ನಬೇಕು. ಇನ್ನೊಮ್ಮೆ ಕೇಳಿದರೆ ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಮಾಡಿದ್ದೇ ಆದರೆ ಅರ್ಧ ಲೋಟ ಸಾಕು ಎನ್ನಬೇಕು. ನನ್ನ ಗಂಡ ನನ್ನನ್ನು ಮದುವೆಯಾಗ್ತೀಯಾ ಎಂದು ಮೂರು ಸಲ ಕೇಳಿದ್ದಾನೆ. ಎರಡಕ್ಕೇ ನಿಲ್ಲಿಸಿದ್ದರೆ ನನ್ನ ಬದುಕು ಬೇರೆಯಾಗಿರುತ್ತಿತ್ತು, ಕೆಲವು ದಿನ ಅದನ್ನೂ ಯೋಚಿಸುತ್ತೇನೆ.

"ಅದಕ್ಕವಳೇನಂದ್ಲು?" ಎಂದೆ.

"ಓಕೆ, ಪರವಾಗಿಲ್ಲ ಅಂದು ಫೋನಿಟ್ಲು."

ಎಂಟು ಹೆಂಗಸರು ಎಂಟು ಸೂಜಿ ಕೆಳಗಿಟ್ಟರು.

"ಇವತ್ತು ಮತ್ತೆ ಮಾಡ್ತಾಳೆ," ಎಂದಳು ಮಿರ್ನಾ.

"ಮಾಡ್ತಾಳೆ, ಮಾಡ್ದೆ ಏನು," ಎಂದಳು ಹಿಲ್ಮಾ. ಆ ದಿನ ಅವಳು ಯಾರ ಹೊಲಿಗೆಯನ್ನೂ ಬಿಚ್ಚಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಮಾರಿಸಾ ಮಾಡಲಿಲ್ಲ. ಬುಧವಾರವಿಲ್ಲ, ಗುರುವಾರವಿಲ್ಲ. ಹಿಲ್ಮಾ ಕಸ ಹಾಕಲು ಹೊರಗೆ ಹೋಗುವಾಗ ಕಿಟಕಿ ತೆರೆದಿಟ್ಟು ಹೋಗುತ್ತಿದ್ದಳು, ಫೋನ್ ಬಡಿದರೆ ಕೇಳಬೇಕಲ್ಲ. ಮೊಬೈಲ್ ಜೇಬಿನಲ್ಲಿಟ್ಟುಕೊಳ್ಳೇ ಎಂದರೆ, ಅದು ಸಿಡಿಯುತ್ತೆ ಎನ್ನುವವಳು. ಭಾನುವಾರ ಚರ್ಚಿನಲ್ಲಿ ಮಾರಿಸಾ ಎಂದಿನಂತೆ ನಕ್ಕು ಕುಶಲ ಕೇಳಿದಳು. ಫ್ರಾಕಿನ ಸುದ್ದಿ ಎತ್ತಲಿಲ್ಲ. ಎರಡನೆಯ ಮಂಗಳವಾರ ಹಿಲ್ಮಾಳ ಮುಖ ಇಷ್ಟೇ ಇಷ್ಟಾಗಿತ್ತು.

"ನೀನೇ ಫೋನ್ ಮಾಡಿ, ನಂಗೆ ಹೊಲಿಯೋ ಆಸೆ ಅಂತ ಹೇಳ್ಬಿಡೇ, ಮುಗೀತು," ಎಂದೆ ನಾನು.

ಅವಳು ನನ್ನನ್ನು, ಬಟ್ಟೆ ಬಿಚ್ಚಿಕೊಂಡು ಬೀದಿಯಲ್ಲಿ ಓಡು ಎಂದವಳನ್ನು ನೋಡುವಂತೆ ನೋಡಿದಳು.

"ನಾನಾಗೇ ಕೇಳ್ಲಾ? ಎಪ್ಪತ್ತೊಂದು ವರ್ಷದಲ್ಲಿ ಯಾರ ಹತ್ರಾನೂ ಏನೂ ಕೇಳಿಲ್ಲ, ಲವೋನ್," ಎಂದಳು ನನ್ನ ಹೆಸರು ಹಿಡಿದು.

"ಕೇಳಿಲ್ಲ, ಅದಕ್ಕೇ ಏನೂ ಸಿಕ್ಕಿಲ್ಲ," ಎಂದೆ. ಮಾತು ಬಾಯಿಂದ ಜಾರಿದ ಮೇಲೆ ತುಟಿ ಕಚ್ಚಿಕೊಂಡೆ. ಹಿಲ್ಮಾ ಕೌದಿಯ ಮೇಲೆ ಕೈಯಾಡಿಸಿದಳು. ಬೇರೆಯವರಿಗೆ ಕೇಳದಂತೆ, "ಇದೂ ತಪ್ಪಿದ್ರೆ ನಾನು ಆ ಮಗೂಗೆ ಕ್ರಿಸ್‌ಮಸ್ ಅಜ್ಜಿ ಆಗೇ ಉಳೀತೀನಿ ಕಣೇ. ಹಬ್ಬ ಮುಗಿದ್ಮೇಲೆ ಆ ಕ್ರಿಸ್‌ಮಸ್ ಮರದ ಜೊತೆ ನನ್ನನ್ನೂ ಅಟ್ಟ ಹತ್ತಿಸ್ಬಿಡ್ತಾರೆ," ಎಂದಳು. ಬೈಯುವ ಬಾಯಿ ಹೀಗೆ ಮೆತ್ತಗಾದಾಗ ನೋಡಲಾಗುವುದಿಲ್ಲ.

ಕೊನೆಗೆ ನಾರ್ಬಿಯವರು ಮಾಡುವುದನ್ನೇ ಮಾಡಿದೆವು. ಬುಧವಾರ ಹಿಲ್ಮಾ ಒಂದು ತಗಡಿನ ತಟ್ಟೆ ತುಂಬ ನಿಂಬೆಹಣ್ಣಿನ ಬಾರ್ ಎಂಬ ಸಿಹಿತಿಂಡಿ ಮಾಡಿದಳು, ಮೆತ್ತಗೆ, ಮೇಲೆ ಸಕ್ಕರೆಪುಡಿ ಉದುರಿಸಿ. ಈ ಕಡೆ ಹೋಗ್ತಾ ಇದ್ವಿ, ಹೆಚ್ಚಾಗಿತ್ತು, ಕೊಟ್ಟು ಹೋಗೋಣ ಅಂತ ಬಂದ್ವಿ ಎಂದು ಹೇಳುವುದೆಂದು ತೀರ್ಮಾನವಾಯಿತು. ಜೊತೆಗೆ ನಾನು. ಯಾಕೆಂದರೆ ಒಬ್ಬಳೇ ಹೋದರೆ ಬೇಕೆಂದೇ ಹೋದಂತಾಗುತ್ತದೆ. ಹಿಲ್ಮಾ ದೊಡ್ಡ ಕೈಚೀಲವನ್ನೂ ಹೆಗಲಿಗೆ ಹಾಕಿಕೊಂಡಳು. ನಾಲ್ಕು ಬೀದಿಯನ್ನು ಕಾರಿನಲ್ಲಿ ಹೋದೆವು, ಈ ಕಡೆ ಹೋಗುತ್ತಿದ್ದೆವು ಎಂಬ ಮಾತು ನಿಜವಾಗಲಿ ಎಂದು.

ಬಾಗಿಲು ತೆರೆದ ಮಾರಿಸಾಳ ತಲೆಗೂದಲಲ್ಲಿ ಹಳದಿ ದಾರ ಸಿಕ್ಕಿಕೊಂಡಿತ್ತು. ತುಟಿಯಲ್ಲಿ ಎರಡು ಗುಂಡುಸೂಜಿ. ಒಳಗಿಂದ ಮಗು ಕಿರುಚುತ್ತಿತ್ತು. ಹವಾಮಾನದ ವಿಷಯ ಹತ್ತು ನಿಮಿಷ ಮಾತಾಡಬೇಕೆಂದು ಬಂದಿದ್ದ ನಮಗೆ ಅವಕಾಶವೇ ಸಿಗಲಿಲ್ಲ.

"ಒಳಗ್ಬನ್ನಿ, ಚಳಿ ಬರುತ್ತೆ," ಎಂದು ಅವಳು ತಿರುಗಿ ನಡೆದಳು. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಅಡುಗೆಮನೆ ಸೇರಿದ್ದಳು, ಬೇರೆ ದಾರಿಯಿಲ್ಲದೆ ಹಿಂದೆ ಹೋದೆವು.

ಊಟದ ಮೇಜಿನ ಮೇಲೆ ಯಾರದೋ ಹಳೆಯ ಹೊಲಿಗೆ ಮೆಷಿನ್, ಅದರ ಸುತ್ತ ಯುದ್ಧ ಮುಗಿದ ಬಯಲು. ಪಿಯಾ ನಡುವೆ ನಿಂತಿದ್ದಳು, ತಲೆಗೆ ಕಾಗದದ ಎರಡು ಕೊಂಬು, ಮೈಮೇಲೆ ಒಂದು ಹಳದಿ ಫ್ರಾಕು. ಫ್ರಾಕು ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ. ಒಂದು ಭುಜ ಕಿವಿಯ ಹತ್ತಿರವಿತ್ತು, ಇನ್ನೊಂದು ಮೊಣಕೈಗೆ ಹತ್ತಿರವಿತ್ತು. ಏಳು ಜೇಬೂ ಇದ್ದವು. ಮಗು ಒಂದು ಚಮಚವನ್ನು ಹಿಡಿದು ಜೇಬಿಗೆ ತಳ್ಳುತ್ತಿತ್ತು, ತಳ್ಳುತ್ತಿತ್ತು, "ಹೋಗಲ್ಲ! ಹೋಗಲ್ಲ!" ಎಂದು ಅಳುತ್ತಿತ್ತು.

ಹೋಗುವುದು ಹೇಗೆ? ಮಾರಿಸಾ ಏಳಕ್ಕೆ ಏಳು ಜೇಬುಗಳನ್ನೂ ನಾಲ್ಕು ಕಡೆಗೂ ಹೊಲಿದುಬಿಟ್ಟಿದ್ದಳು.

ನಾನು ಹಿಲ್ಮಾಳನ್ನು ನೋಡಿದೆ. ಅವಳ ಬಲಗೈ ತಾನಾಗಿ ಕೈಚೀಲದತ್ತ ಹೋಯಿತು, ಎಡಗೈ ಅದನ್ನು ಹಿಡಿದುಕೊಂಡಿತು. ಕತ್ತಿನ ನರ ಎದ್ದು ನಿಂತಿತ್ತು. ಕುಡಿತ ಬಿಟ್ಟವನನ್ನು ಹೆಂಡದಂಗಡಿಯಲ್ಲಿ ಕೂರಿಸಿದರೆ ಹೀಗೇ ಆಗುತ್ತಾನೆ.

"ಹೇಳಿ," ಎಂದಳು ಮಾರಿಸಾ, ಸೂಜಿಗಳನ್ನು ಬಾಯಿಂದ ತೆಗೆದು. "ಹೇಳ್ಬಿಡಿ, ನಾನು ತಯಾರಿದೀನಿ."

"ಬಣ್ಣ ಚೆನ್ನಾಗಿದೆ," ಎಂದಳು ಹಿಲ್ಮಾ.

"ಬಣ್ಣ ಬಿಟ್ಟು?"

"ದಾರಾನೂ ಗಟ್ಟಿ ಇದೆ. ತುಂಬಾನೇ ಗಟ್ಟಿ."

ಮಾರಿಸಾ ಕುರ್ಚಿ ಎಳೆದು ಧಪ್ಪನೆ ಕೂತಳು. "ನಂಗೆ ಬರಲ್ಲ ಹಿಲ್ಮಾ. ಬರಲ್ಲ ಅಂತ್ಲೇ ನಿಮ್ಮನ್ನ ಕೇಳ್ದೆ. ನೀವು ಆಗಲ್ಲ ಅಂದ್ರಿ. ಸರಿ ಬಿಡಿ, ಇಷ್ಟ ಇಲ್ಲ ಅಂದ್ರೆ ಬಲವಂತ ಮಾಡೋಕಾಗುತ್ತಾ?"

"ನಾನು ಒಂದೇ ಸಲ ಅಂದೆ," ಎಂದಳು ಹಿಲ್ಮಾ.

"ಮತ್ತೆಷ್ಟು ಸಲ ಅನ್ಬೇಕಿತ್ತು?"

"ನಾನಲ್ಲ, ನೀನು. ನೀನು ಇನ್ನೆರಡು ಸಲ ಕೇಳ್ಬೇಕಿತ್ತು."

ಮಾರಿಸಾ ಅವಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಲವೋನ್, ಇವರೇನು ಹೇಳ್ತಿದಾರೆ?"

ನಾನು ಹೇಳಿದೆ. ಮೊದಲ ಬೇಡ ಮರ್ಯಾದೆಗೆ. ಎರಡನೇ ಬೇಡ, ಕೇಳಿದವರಿಗೆ ನಿಜಕ್ಕೂ ಮನಸ್ಸಿದೆಯೋ ಇಲ್ಲವೋ ನೋಡುವುದಕ್ಕೆ. ಮೂರನೆಯ ಸಲ ಕೇಳಿದರೆ ಮಾತ್ರ ಅದು ಕೇಳಿದ ಹಾಗೆ.

"ಇದನ್ನ ಎಲ್ಲಾದ್ರೂ ಬರೆದಿಟ್ಟಿದೀರಾ?"

"ಬರೆಯೋಕೇನಿದೆ, ಎಲ್ಲರಿಗೂ ಗೊತ್ತು."

"ನಂಗೊತ್ತಿಲ್ವಲ್ಲ!" ಎಂದು ಅವಳು ಮೇಜು ಗುದ್ದಿದಳು. ಮೆಷಿನ್ನಿನ ದಾರ ಸುತ್ತಿದ ಬಾಬಿನ್ ಉರುಳಿ ನೆಲಕ್ಕೆ ಬಿತ್ತು. "ನಮ್ಮ ಕಡೆ ಬೇಡ ಅಂದ್ರೆ ಬೇಡ. ಬೇಕು ಅಂದ್ರೆ ಕೇಳೋದ್ರೊಳಗೆ ತಟ್ಟೇನೇ ಕಿತ್ಕೋತಾರೆ! ಆರ್ನೆ ಯಾಕೆ ನಂಗೆ ಹೇಳ್ಲಿಲ್ಲ?"

ಆರ್ನೆ ಯಾಕೆ ಹೇಳಲಿಲ್ಲ ಎಂದರೆ ಆರ್ನೆ ಏನನ್ನೂ ಹೇಳುವುದಿಲ್ಲ. ಮೀನಿಗೆ ನೀರಿನ ವಿಷಯ ಹೇಳು ಎಂದರೆ ಏನು ಹೇಳೀತು. ನಾನು ಇದನ್ನು ಬಾಯಿಬಿಟ್ಟು ಹೇಳಬೇಕೆನ್ನುವಷ್ಟರಲ್ಲಿ ಮಾರಿಸಾಳ ಮುಖ ಬೇರೆಯಾಯಿತು. ಸಿಟ್ಟು ಇಳಿದು ಅಲ್ಲಿ ಇನ್ನೇನೋ ಬಂತು.

"ಹಾಗಾದ್ರೆ ಶಿಕಾಗೋ?" ಎಂದಳು ಮೆಲ್ಲಗೆ.

ಹಿಲ್ಮಾ ನೆಲ ನೋಡಿದಳು.

"ಪಿಯಾ ಹುಟ್ಟಿದಾಗ ನಾನು ಆಸ್ಪತ್ರೆಯಿಂದ್ಲೇ ಫೋನ್ ಮಾಡಿದ್ದೆ. ಬಂದು ಎರಡು ವಾರ ಇರಿ, ನಂಗೇನೂ ಗೊತ್ತಾಗ್ತಿಲ್ಲ ಅಂದೆ. ನೀವು, ನಾನ್ಯಾಕೆ, ನಿಮ್ಮಮ್ಮ ಇದಾರಲ್ಲ, ನಾನು ಬಂದ್ರೆ ಅಡ್ಡ ಆಗ್ತೀನಿ ಅಂದ್ರಿ. ನನ್ನಮ್ಮ ನಾಲ್ಕು ದಿನ ಇದ್ದು ಹೋದ್ಲು. ನಾನು ಫೋನಿಟ್ಟು ಎಷ್ಟು ಹೊತ್ತು ಅತ್ತಿದೀನಿ ಗೊತ್ತಾ? ಇವ್ರಿಗೆ ನನ್ ಮಗು ಬೇಡ ಅಂದ್ಕೊಂಡೆ. ಬೇಡ ಅಂದವ್ರ ಮುಂದೆ ಮಗು ಹಿಡ್ಕೊಂಡು ಯಾಕ್ ನಿಲ್ಲಲಿ ಅಂದ್ಕೊಂಡೆ. ಎರಡೂವರೆ ವರ್ಷ ಹಾಗೇ ಅಂದ್ಕೊಂಡಿದೀನಿ."

"ಪರದೆ ವಿಷಯ ಅಲ್ವಾ?" ಎಂದು ನಾನು ಬಾಯಿ ಹಾಕಿದೆ. ನಾಲ್ಕು ಮಂಗಳವಾರದ ನಮ್ಮ ಶ್ರಮ ವ್ಯರ್ಥವಾದರೆ ಹೇಗೆ.

"ಯಾವ ಪರದೆ?" ಎಂದಳು ಮಾರಿಸಾ. ಅವಳಿಗೆ ಅದು ಬದಲಾಗಿದ್ದೇ ಗೊತ್ತಿರಲಿಲ್ಲ.

ಹಿಲ್ಮಾ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಪೆಟ್ಟಿಗೆ ಕಟ್ಟಿದ್ದೆ," ಎಂದಳು. "ನೀನು ಫೋನ್ ಇಟ್ಟ ತಕ್ಷಣ ಕಟ್ಟಿದೆ. ಮಗೂಗೆ ಆರು ಅಂಗಿ, ನಿಂಗೊಂದು ಉಣ್ಣೆ ಶಾಲು. ಒಂಬತ್ತು ದಿನ ಬಾಗಿಲ ಹತ್ರಾನೇ ಇತ್ತು. ನೀನು ಮತ್ತೆ ಮಾಡ್ತೀಯ ಅಂತ. ಹತ್ತನೇ ದಿನ ಬಿಚ್ಚಿಟ್ಟೆ."

ಆ ವಾರ ನನಗೆ ಚೆನ್ನಾಗಿ ನೆನಪಿದೆ. ನೆಗಡಿ ಎಂದು ಹೇಳಿ ಹಿಲ್ಮಾ ಒಂದು ಮಂಗಳವಾರ ನೆಲಮಾಳಿಗೆಗೆ ಬಂದಿರಲಿಲ್ಲ. ಹೊಲಿಗೆ ಬಿಚ್ಚುವವರಿಲ್ಲ ಎಂದು ನಾವು ಹಬ್ಬ ಮಾಡಿದ್ದೆವು, ಮಿರ್ನಾ ಕೇಕ್ ತಂದಿದ್ದಳು. ಅವಳು ಫೋನಿನ ಪಕ್ಕ ಕೂತಿದ್ದಾಳೆಂದು ನಮಗೆ ಹೇಗೆ ಗೊತ್ತಾಗಬೇಕು? ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಆದರೆ ಕೇಕ್ ಚೆನ್ನಾಗಿತ್ತು.

ಮಾರಿಸಾ ಮುಖ ಒರೆಸಿಕೊಂಡಳು, ಕೈಗೆ ಸಿಕ್ಕಿದ ಹಳದಿ ಬಟ್ಟೆಯಲ್ಲೇ. "ಈಗ ಕೇಳ್ತೀನಿ, ಒಂದೇ ಸಲ. ಮೂರು ಸಲ ಕೇಳೋಷ್ಟು ತಾಳ್ಮೆ ನಂಗಿಲ್ಲ. ಫ್ರಾಕ್ ಹೊಲೀತೀರಾ?"

ಹಿಲ್ಮಾ ಬಾಯಿ ತೆರೆದಳು. 'ಅಯ್ಯೋ, ನಾನ್ಯಾಕೆ' ಎಂಬುದು ತುಟಿಯವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಮೂವತ್ತೊಂದು ವರ್ಷ ಬ್ರೇಕ್ ತುಳಿದ ಕಾಲು ನನ್ನದು. ಅವಳ ಪಾದದ ಮೇಲೆ ಅದನ್ನು ಬಲವಾಗಿ ಊರಿದೆ.

"ಹೂಂ," ಎಂದಳು.

ಎಂದವಳೇ ತಟ್ಟೆ ಇಟ್ಟು, ಕೈಚೀಲದಿಂದ ಕಾರ್ಡುರಾಯ್ ಫ್ರಾಕು ತೆಗೆದಳು. ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಲೈನಿಂಗ್ ಕೊಟ್ಟು, ನೆರಿಗೆ ಹಿಡಿದು, ಕಾಜಾ ಸಮೇತ. ಜೇಬು ಕೂರಿಸುವುದೊಂದೇ ಬಾಕಿ. ಮಾರಿಸಾ ಒಂದು ಕ್ಷಣ ಬೆಪ್ಪಾಗಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳು ನಕ್ಕಿದ್ದು ನೋಡಿ ಪಿಯಾ ಅಳು ನಿಲ್ಲಿಸಿ, ತಟ್ಟೆಯಿಂದ ಒಂದು ಬಾರ್ ಎತ್ತಿಕೊಂಡಳು.

"ಆದ್ರೆ ಜೇಬು ನನ್ನವೇ ಇರ್ಬೇಕು," ಎಂದಳು ಮಾರಿಸಾ. "ಎಂಟು ದಿನ ಒದ್ದಾಡಿದೀನಿ."

"ಡೊಂಕಿವೆ."

"ಕಳ್ಳ ಮೇಕೆ ಫ್ರಾಕ್ ಹಿಲ್ಮಾ, ರಾಣಿದಲ್ಲ."

ಹಿಲ್ಮಾ ಕಣ್ಣು ಮುಚ್ಚಿ ತಲೆಯಾಡಿಸಿದಳು. ನನಗೆ ತಿಳಿದಂತೆ ಚರ್ಚಿನಲ್ಲಿ ಅವಳು ಕೈಗೊಂಡ ಯಾವ ವ್ರತವೂ ಇಷ್ಟು ಕಠಿಣವಾಗಿರಲಿಲ್ಲ. ಮಾರಿಸಾಳೇ ಕೂತು ಜೇಬುಗಳ ಹೊಲಿಗೆ ಬಿಚ್ಚಿದಳು, ಒಂದೆರಡು ಕಡೆ ಬಟ್ಟೆಯನ್ನೂ ಹರಿದಳು, ತಾನೇ ಅವನ್ನು ಹಿಲ್ಮಾಳ ಫ್ರಾಕಿಗೆ ಕೂರಿಸಿ ಹೊಲಿದಳು. ಹಿಲ್ಮಾ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತು, "ನಿಧಾನ, ದಾರ ಎಳೀಬೇಡ, ಕೊಯ್ಯಿ, ಮೇಲಿನ ಕಡೆ ಬಿಡು ತಾಯಿ, ಮೇಲಿನ ಕಡೆ," ಎನ್ನುತ್ತಿದ್ದಳು. ನಾನು ಮಗುವಿಗೆ ಪುಸ್ತಕ ಓದಿದೆ, ಕದಿಯುವ ಜಾಗ ಬಂದಾಗಲೆಲ್ಲ ಎರಡೆರಡು ಸಲ. ಕತ್ತಲಾಗುವ ಮುಂಚೆ ಏಳೂ ಜೇಬು ಕೂತವು, ಒಂದೊಂದು ಒಂದೊಂದು ದಿಕ್ಕಿಗೆ ಬಾಯಿ ತೆರೆದುಕೊಂಡು.

ಶನಿವಾರ ಲೈಬ್ರರಿಯಲ್ಲಿ ಮೂವತ್ತು ಮಕ್ಕಳ ಮೆರವಣಿಗೆ ನಡೆಯಿತು. ಕರಡಿಗಳು ಅತ್ತವು, ಒಬ್ಬ ರಾಜಕುಮಾರಿ ಇನ್ನೊಬ್ಬಳನ್ನು ಕಚ್ಚಿದಳು. ಪಿಯಾ ಮಾತ್ರ ತನ್ನ ಪಾತ್ರವನ್ನು ಮನಸ್ಸಿಟ್ಟು ಮಾಡಿದಳು. ಪಾಸ್ಟರ್ ಎಲ್ಡನ್‌ರ ಕನ್ನಡಕ ಮೊದಲು ಹೋಯಿತು. ಆಮೇಲೆ ಪುಸ್ತಕಕ್ಕೆ ಒತ್ತುವ ಮುದ್ರೆ, ಮಿರ್ನಾಳ ಕೈಗವಸು, ನನ್ನ ಕಾರಿನ ಬೀಗದ ಕೈ. ಕಾಫಿ ಮೇಜಿನ ಮೇಲೆ ತಟ್ಟೆಯಲ್ಲಿ ಒಂದೇ ಒಂದು ಬಾರ್ ಉಳಿದಿತ್ತು. ಕೊನೆಯ ತುಂಡನ್ನು ನಾರ್ಬಿಯವರು ಮುಟ್ಟುವುದಿಲ್ಲ. ಅರ್ಧ ಮಾಡುತ್ತಾರೆ, ಆ ಅರ್ಧವನ್ನು ಇನ್ನೊಬ್ಬರು ಅರ್ಧ ಮಾಡುತ್ತಾರೆ, ಕೊನೆಗೆ ಕಾಳಿನಷ್ಟು ಉಳಿದದ್ದು ಒಣಗುತ್ತದೆ. ಪಿಯಾ ಬಂದಳು, ಎತ್ತಿದಳು, ಜೇಬಿಗೆ ಹಾಕಿದಳು. ಒಬ್ಬರೂ ಉಸಿರೆತ್ತಲಿಲ್ಲ. ಪಕ್ಕದಲ್ಲಿದ್ದ ಹಿಲ್ಮಾಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಮಗ ಆರ್ನೆ ಡಿಗ್ರಿ ಪಡೆದ ದಿನವೂ ಕಂಡಿರಲಿಲ್ಲ.

ಎಲ್ಲರೂ ಕೋಟು ಹಾಕಿಕೊಳ್ಳುವಾಗ ಅವಳು ಮಾರಿಸಾಳ ಎದುರು ಹೋಗಿ ನಿಂತಳು. ಕೋಟಿನ ಗುಂಡಿಯನ್ನು ತಿರುಗಿಸುತ್ತ, ಸುತ್ತ ಜನ ಇದ್ದಾರೆಂಬುದನ್ನೂ ನೋಡದೆ ಕೇಳಿಯೇಬಿಟ್ಟಳು.

"ಗುರುವಾರ ನಿಂಗೆ ಕೆಲಸ ಇರುತ್ತಲ್ಲ. ಪಿಯಾನ ನನ್ ಹತ್ರ ಬಿಡ್ತೀಯಾ? ಪ್ರತಿ ಗುರುವಾರ."

ಮಾರಿಸಾ ಅವಳನ್ನು ನೋಡಿ, "ಇಲ್ಲ," ಎಂದಳು.

ಹಿಲ್ಮಾ ಒಂದು ಹೆಜ್ಜೆ ಹಿಂದೆ ಸರಿದಳು. ಆಗ ಮಾರಿಸಾ ತುಟಿ ಬಿಗಿಹಿಡಿದು, ಒಂದು ಬೆರಳು ಎತ್ತಿ ತೋರಿಸಿದಳು.

ಅರ್ಥವಾಗಲು ಹಿಲ್ಮಾಗೆ ಸ್ವಲ್ಪ ಹೊತ್ತು ಹಿಡಿಯಿತು. ಊರಿನ ಅರ್ಧ ಜನ ಒಂದು ತೋಳಿನಲ್ಲಿ ಕೋಟು, ಇನ್ನೊಂದು ತೋಳು ಗಾಳಿಯಲ್ಲಿ ಹಾಗೇ ನಿಂತಿದ್ದರು.

"ಗುರುವಾರ ಬಿಡ್ತೀಯಾ?" ಎಂದಳು. ಎರಡನೆಯ ಸಲ.

"ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದ್ರೆ," ಎಂದಳು ಮಾರಿಸಾ. ನಮ್ಮ ರಾಗದಲ್ಲೇ, ಅಪ್ಪಟ ನಾರ್ಬಿಯವಳಂತೆ. ಮೂರೇ ದಿನದಲ್ಲಿ ಕಲಿತಿದ್ದಳು, ಕಿಲಾಡಿ ಹುಡುಗಿ. ಯಾರೋ ಕಿಸಕ್ಕೆಂದರು. ಪಾಸ್ಟರ್ ಎಲ್ಡನ್ ಕನ್ನಡಕವಿಲ್ಲದೆ, ಏನು ನಡೀತಿದೆ ಎಂದು ಕೇಳುತ್ತಿದ್ದರು.

ಹಿಲ್ಮಾ ನಗಲಿಲ್ಲ. ಗುಂಡಿಯನ್ನು ಬಿಟ್ಟಳು.

"ನಂಗೆ ಅವಳು ಬೇಕು ಮಾರಿಸಾ," ಎಂದಳು. "ಅವಳು ಹುಟ್ಟಿದ ದಿನದಿಂದ ಬೇಕು."

ಮಾರಿಸಾಗೆ ಮುಂದೆ ಆಟ ಆಡಲಾಗಲಿಲ್ಲ. ಏಳು ಜೇಬು ತುಂಬಿ ಭಾರವಾಗಿದ್ದ ಮಗುವನ್ನು ಎತ್ತಿ ಅತ್ತೆಯ ತೋಳಿಗೆ ಕೊಟ್ಟಳು. ಹಿಲ್ಮಾ ಎರಡೂ ಕೈಗಳಿಂದ ಅಪ್ಪಿ ಹಿಡಿದುಕೊಂಡಳು.